ಸಾಲಿನ ಕೊನೆಯವಳು ಮುಗಿಸುವ ತನಕ

ಜಡೆ ಊರಿನ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಹೆಂಗಸರು ಒಂದೇ ಸಾಲಾಗಿ ಬಾಗಿ ನಿಂತು ಭತ್ತದ ಸಸಿ ನೆಡುತ್ತಿದ್ದಾರೆ. ನೆಡುತ್ತ ನೆಡುತ್ತ ಎಲ್ಲರೂ ಹಿಂದಕ್ಕೆ ಸರಿಯಬೇಕು. ಎಡತುದಿಯಲ್ಲಿರುವವರು ತುಂಗಮ್ಮ. ವಯಸ್ಸು ಕೇಳಿದರೆ, ಕೆರೆ ಒಡೆದ ವರ್ಷ ತಾನು ಲಂಗ ಉಡುತ್ತಿದ್ದೆ ಎನ್ನುತ್ತಾರೆ. ಐವತ್ತೈದು ದಾಟಿರಬಹುದು. ಕುಪ್ಪಗಡ್ಡೆಯಿಂದ ಜಡೆಯವರೆಗೆ ನಾಟಿಯೆಂದರೆ ಮೊದಲು ಅವರಿಗೇ ಹೇಳಿಕಳಿಸುತ್ತಾರೆ; ಯಾವ ಗದ್ದೆಗೆ ಯಾರೆಂದು ಗೊತ್ತುಮಾಡುವವರು ಅವರೇ.

ಅವರ ಸಾಲಿಗೆ ಒಂದು ಕಟ್ಟುಪಾಡಿದೆ. ಎಲ್ಲರಿಗಿಂತ ನಿಧಾನದವಳು ತನ್ನ ಪಾಲು ನೆಟ್ಟು ಮುಗಿಸುವ ತನಕ ಯಾರೂ ಹೆಜ್ಜೆ ಹಿಂದಿಡುವಂತಿಲ್ಲ. ಬಾಣಂತಿಯಿರಲಿ, ಜ್ವರದಿಂದ ಎದ್ದವಳಿರಲಿ, ಸಾಲು ಅವಳಿಗಾಗಿ ಕಾಯುತ್ತದೆ. ಆ ಹೊತ್ತು ಉಳಿದವರ ಸೊಂಟಕ್ಕೂ ಬಿಡುವು.

ಇದಕ್ಕೆ ಕುತ್ತು ಬಂದದ್ದು ಎರಡು ಮಳೆಗಾಲದ ಹಿಂದೆ. ಮುಂಬಯಿ ಪ್ರಾಂತದಲ್ಲಿದ್ದ ಹಾನಗಲ್ ಕಡೆಯ ಊರುಗಳು ಮೈಸೂರಿಗೆ ಸೇರಿ, ನಡುವಿನ ಗಡಿ ಹೋಗಿತ್ತು. ಆಚೆಯಿಂದ ಮೂಕಮ್ಮನ ತಂಡ ಬಂದು ಗದ್ದೆಗಳ ನಾಟಿಯನ್ನು ಗುತ್ತಿಗೆ ಹಿಡಿಯಿತು. ಅವರು ಮಧ್ಯಾಹ್ನ ಕೂರುವುದಿಲ್ಲ, ಯಾರಿಗೂ ಕಾಯುವುದಿಲ್ಲ. ಗದ್ದೆಯ ಯಜಮಾನ ನಾಗರಾಜಪ್ಪ ತುಂಗಮ್ಮನವರನ್ನು ಕರೆದು, ಹಾಗೆ ನೆಡುವುದಾದರೆ ಬನ್ನಿ, ಇಲ್ಲದಿದ್ದರೆ ಬೇಡ ಎಂದುಬಿಟ್ಟರು.

ಬಂದವರನ್ನು ಓಡಿಸೋಣವೆಂದರು ಊರ ಹೆಂಗಸರು. ತುಂಗಮ್ಮ ಕೇಳಲಿಲ್ಲ. ಕೆರೆ ಏರಿಯ ಮೇಲಿದ್ದ ಆ ತಂಡದ ಬಿಡಾರಕ್ಕೆ ಸಂಜೆ ಒಬ್ಬರೇ ಹೋದರು. ಅಲ್ಲಿ ಒಬ್ಬ ಎಳೆಬಾಣಂತಿ, ಹಾಲು ಸೋರಿ ನೆನೆದ ಕುಪ್ಪಸದಲ್ಲಿ, ಬೆಳಗಿನಿಂದ ಅದೇ ಮೊದಲ ಸಲ ಮಗುವನ್ನು ಎದೆಗೆ ಹಾಕಿಕೊಂಡಿದ್ದಳು.

“ನಿಂತ್ರ ಮುಂದಿನ ಊರು ತಪ್ಪತೈತಿ ಅಕ್ಕಾ. ನಿಮ್ಮಂಗ ಸಂಜೀಗೆ ಮನೀಗೆ ಹೋಗಾವ್ರಲ್ಲ ನಾವು,” ಎಂದರು ಮೂಕಮ್ಮ, ತುಂಗಮ್ಮ ಆ ಬಾಣಂತಿಯತ್ತ ನೋಡಿದ್ದನ್ನು ಕಂಡು.

ಅದೂ ನಿಜವೇ. ತುಂಗಮ್ಮ ಒಂದು ಮಾತು ಮುಂದಿಟ್ಟರು. ಹಾನಗಲ್ ಕಡೆ ಕೆರೆ ತುಂಬುವುದು ತಡ, ನಾಟಿಯೂ ತಡ. ಇಲ್ಲಿ ಎರಡೂ ತಂಡ ಒಂದೇ ಸಾಲಿನಲ್ಲಿ, ಅವರೊಬ್ಬರು ಇವರೊಬ್ಬರಾಗಿ ನಿಲ್ಲುವುದು. ಇಲ್ಲಿಯದು ಮುಗಿದ ಮೇಲೆ ಜಡೆಯವರೂ ಅವರ ಜೊತೆ ಹೋಗಿ ಅಲ್ಲಿನ ಗದ್ದೆ ಬೇಗ ಮುಗಿಸಿಕೊಡುವುದು. ಕಟ್ಟುಪಾಡು ಮಾತ್ರ ಎರಡು ಕಡೆಯೂ ಒಂದೇ. ಮೂಕಮ್ಮ ಒಪ್ಪಿದರು.

ನಾಗರಾಜಪ್ಪ ಗೊಣಗಿದರು. ಆದರೆ ಊರವರೂ ಹೊರಗಿನವರೂ ಒಟ್ಟಾಗಿ ನಿಂತ ಮೇಲೆ ಅವರಿಗೆ ಕರೆಯಲು ಬೇರೆ ಯಾರಿದ್ದರು? ಅವಸರದಲ್ಲಿ ನೆಟ್ಟ ಗದ್ದೆಯಲ್ಲಿ ಸಸಿ ಕಿತ್ತುಬಂದು ತೇಲಿದ್ದನ್ನು ಅವರೂ ಕಂಡಿದ್ದರು.

ಈ ವರ್ಷ ಸಾಲಿನಲ್ಲಿ ಎಲ್ಲರಿಗಿಂತ ನಿಧಾನ ತುಂಗಮ್ಮನವರೇ. ಮಂಡಿ ಬಾತಿದೆ. ತಾನು ಕಟ್ಟಿದ ಸಾಲು ತನ್ನಿಂದಲೇ ಮುರಿದೀತೆಂಬ ಅಳುಕು. ದಡದಲ್ಲಿ ಕೂತು ಸಸಿಯ ಕಟ್ಟು ಕಟ್ಟಿಕೊಡುತ್ತೇನೆ ಎಂದು ನಿನ್ನೆಯೇ ಹೇಳಿನೋಡಿದ್ದಾರೆ. ಮೂಕಮ್ಮ ಒಪ್ಪಿಲ್ಲ.

“ನನ್ನಿಂದ ಎಲ್ರಿಗೂ ತಡ ಆಗ್ತದೆ ಕಣೇ. ನೀವು ಹೋಗ್ತಾ ಇರಿ,” ಎನ್ನುತ್ತಾರೆ ತುಂಗಮ್ಮ, ತಲೆ ಎತ್ತದೆ.

“ಅವತ್ತು ಇದ ಮಾತು ನಾ ಅಂದಿದ್ದೆ. ನೀ ಕೇಳಿದೇನು? ಸುಮ್ನ ನೆಡು ಮುದುಕಿ.”

ಸಾಲು ನಗುತ್ತದೆ. ಬಾಗಿದ್ದವರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾರೆ. ಯಾರ ಕಾಲೂ ಕೆಸರಿನಿಂದ ಮೇಲೇಳುವುದಿಲ್ಲ. ತುಂಗಮ್ಮ ಉಳಿದ ಸಸಿಗಳನ್ನು ಬೆರಳ ಗೆಣ್ಣು ಮುಳುಗುವಷ್ಟು ಆಳಕ್ಕೆ ಊರುತ್ತಾರೆ, ಒಂದಕ್ಕೂ ಅವಸರ ಮಾಡದೆ. ಕೊನೆಯದನ್ನು ಊರಿ, ಕೈಯ ಕೆಸರು ಕೊಡವಿ, ಸಾಲಿನ ಆ ತುದಿಯವರೆಗೆ ನೋಡುತ್ತಾರೆ.

“ಹ್ಞೂಂ. ಈಗ ಹೆಜ್ಜೆ ತೆಗೀರಿ.”