ಚೆಲುವಿಯ ಕಾಲು, ನನ್ನ ಹಿಮ್ಮಡಿ

ಮೊನ್ನೆ ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿಗೆ ಬಿ.ಪಿ. ಮಾತ್ರೆ ತರಲು ಹೋಗಿದ್ದೆ. ಮಾತ್ರೆ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಚಪ್ಪಲಿ ಕಾಲಿನಿಂದ ಜಾರಿತು. ಅಂಗಡಿಯ ಹುಡುಗಿಯ ಕಣ್ಣು ನೇರವಾಗಿ ನನ್ನ ಒಡೆದ ಹಿಮ್ಮಡಿಯ ಮೇಲೆ ಬಿತ್ತು. "ಆಂಟಿ, ಈ ಚಳೀಲಿ ಅದ್ನ ಹಂಗೇ ಬುಟ್ರೆ ರಕ್ತ ಬತ್ತದೆ," ಎಂದು ನನ್ನನ್ನು ವಾಪಸ್ ಕರೆದು, ಒಂದು ಕ್ರೀಮಿನ ಟ್ಯೂಬನ್ನು ಮುಂದಿಟ್ಟಳು. ಅವಳ ಹಿಂದಿನ ಕಪಾಟಿನಲ್ಲಿ ಚಳಿಗಾಲದ ದೊಡ್ಡ ಸಂಸಾರವೇ ಇತ್ತು. ಮುಖಕ್ಕೊಂದು, ಕೈಗೊಂದು, ತುಟಿಗೊಂದು. ಕೆಳಗಿನ ಸಾಲಿನಲ್ಲಿ ನಾಯಿಯ ಶಾಂಪೂ. ಅದರ ಪಕ್ಕದಲ್ಲಿ ಕುದುರೆಯ ತಲೆಯ ಚಿತ್ರವಿದ್ದ ಒಂದು ಡಬ್ಬಿ. ಟ್ಯೂಬಿಗಿಂತ ನಾಲ್ಕು ಪಟ್ಟು ದೊಡ್ಡದು. ಅದನ್ನು ನೋಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಮತ್ತೆ ಹೊತ್ತಿಕೊಂಡಿತು. ಇಲ್ಲೂ ಕುದುರೆಗೇ ಜಾಸ್ತಿ.

ನೀವು ನಗಬೇಡಿ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಕೊಡುವ ವಯಸ್ಸನ್ನು ನಾನು ದಾಟಿದ್ದೇನೆ. ಕೆಲವು ಹೆಂಗಸರಿಗೆ ಓರಗಿತ್ತಿಯ ಮೇಲೆ ಇರುತ್ತದೆ, ಕೆಲವರಿಗೆ ಪಕ್ಕದ ಮನೆಯ ಫ್ರಿಜ್ಜಿನ ಮೇಲೆ. ನನಗೆ ಇದ್ದದ್ದು ಒಂದು ಬಿಳಿ ಕುದುರೆಯ ಮೇಲೆ.

ನಮ್ಮ ಮಾವನವರು ಜಟಕಾ ಓಡಿಸುತ್ತಿದ್ದರು. ಹಳ್ಳಿಗಳಿಂದ ಬಂದ ರೇಷ್ಮೆಗೂಡಿನ ಮೂಟೆಗಳನ್ನು ಮಾರ್ಕೆಟ್ಟಿಗೆ ಸಾಗಿಸುತ್ತಿದ್ದರಂತೆ. ಆಟೋಗಳು ಬಂದ ಮೇಲೆ ಜಟಕಾ ಮೂಲೆಗೆ ಸೇರಿತು, ಆದರೆ ಕುದುರೆಯ ಹುಚ್ಚು ಮಗನಿಗೆ ಹಾಗೇ ಇಳಿದು ಬಂತು. ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ ನಮ್ಮವರು ಒಂದು ಹೆಣ್ಣು ಮರಿಯನ್ನು ಕೊಂಡು ತಂದು, ಸಾಕಿ, ಮದುವೆ ಮೆರವಣಿಗೆಯಲ್ಲಿ ಮದುಮಗನನ್ನು ಹೊರಲು ಪಳಗಿಸಿದರು. ಹೆಸರು ಚೆಲುವಿ ಎಂದಿಟ್ಟರು. ನನ್ನನ್ನು ಅವರು ಕರೆಯುತ್ತಿದ್ದದ್ದು "ಇವ್ಳೇ" ಎಂದು. ಈಗಲೂ ಅಷ್ಟೇ.

ನಮ್ಮ ಮನೆಯ ಒಂದು ಮಗ್ಗುಲಿಗೆ ನನ್ನ ರೀಲಿಂಗ್ ಶೆಡ್ಡು, ಅದಕ್ಕೆ ಅಂಟಿಕೊಂಡು ಕುದುರೆಯ ಲಾಯ. ನಡುವೆ ಒಂದೇ ಗೋಡೆ, ಗೋಡೆಗೆ ಒಂದು ಕಿಟಕಿ. ರೇಷ್ಮೆ ನೂಲು ತೆಗೆಯುವವರ ಕೆಲಸ ನಿಮಗೆ ಗೊತ್ತಿರಬಹುದು. ಗೂಡು ಬೇಯಿಸಿದ ಬಿಸಿನೀರಿನಲ್ಲಿ ಬೆಳಗಿನಿಂದ ಕೈ ಅದ್ದಿಕೊಂಡು ಎಳೆ ಹುಡುಕಬೇಕು. ಬೆರಳ ತುದಿ ನೆಂದು ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ಕೈಗೆ ಬಿಸಿನೀರಾದರೆ ಕಾಲಿಗೆ ನೆಲದ ಮೇಲೆ ಚೆಲ್ಲಿ ಆರಿದ ತಣ್ಣೀರು. ಮೇಲಿಂದ ಹಬೆ, ಹೊರಗಿನಿಂದ ಅರ್ಕಾವತಿಯ ಕಡೆಯ ಮಂಜು. ಗೋಡೆಗಳು ಚಳಿಗಾಲ ಮುಗಿಯುವವರೆಗೂ ಒಣಗುತ್ತಿರಲಿಲ್ಲ, ನಾನೂ ಒಣಗುತ್ತಿರಲಿಲ್ಲ. ಸಂಜೆ ಕೆಲಸ ಬಿಟ್ಟು ಒಂದಿಷ್ಟು ಹೊತ್ತು ಕೂತರೆ ಸಾಕು, ನೆಂದ ಹಿಮ್ಮಡಿ ಚಳಿಗಾಳಿಗೆ ಬಿರಿದು, ಕೌದಿಯ ದಾರ ಆ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು.

ಇದೇ ತೇವ ಕುದುರೆಯ ಕಾಲಿಗೂ ಆಗುವುದಿಲ್ಲ. ಗೊರಸಿನ ಮೇಲೆ, ಹಿಂಬದಿಯಲ್ಲಿ ಚರ್ಮ ಮಡಿಚಿಕೊಳ್ಳುವ ಜಾಗವಿದೆಯಲ್ಲ, ಅಲ್ಲಿ ನೀರು ನಿಂತರೆ ಹಕ್ಕಳೆ ಕಟ್ಟಿ ಬಿರುಕು ಬಿಡುತ್ತದೆ. ಬಿಳಿ ಕುದುರೆಯ ಚರ್ಮ ಒಳಗೆ ಗುಲಾಬಿ, ತೀರಾ ನಾಜೂಕು. ಇದನ್ನೆಲ್ಲ ನಾನು ಕಲಿತದ್ದು ಆ ಕಿಟಕಿಯಿಂದ, ಕಲಿಯಬೇಕೆಂಬ ಆಸೆ ಇಲ್ಲದೆಯೇ.

ಧನುರ್ಮಾಸ ಬಂತೆಂದರೆ ಮುಹೂರ್ತಗಳಿಲ್ಲ. ಚೆಲುವಿಗೆ ತಿಂಗಳು ಪೂರ್ತಿ ರಜೆ. ಗೂಡಿಗೆ ಎಲ್ಲಿಯ ಧನುರ್ಮಾಸ? ನಾನು ನೂಲು ತೆಗೆಯುತ್ತಿದ್ದರೆ ಕಿಟಕಿಯ ಆಚೆ ನಮ್ಮವರು ಉಪಚಾರ ಶುರು ಮಾಡುತ್ತಿದ್ದರು. ಅವರದೊಂದು ಎಣ್ಣೆಯಿತ್ತು. ಚನ್ನಪಟ್ಟಣದವರು ಬೊಂಬೆ ಕಡೆಯುವ ಹಾಲೆ ಮರ ಇದೆಯಲ್ಲ, ಅದರ ಎಳೆಯ ಸೊಪ್ಪನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಗಾಜಿನ ಬಾಟಲಿಯಲ್ಲಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಂಜಿನ ದಿನಗಳಲ್ಲಿ ಬಿಸಿಲೇ ಅಪರೂಪ. ಅದಕ್ಕೇ ಬಾಟಲಿ ಹಿಡಿದುಕೊಂಡು ಅಂಗಳದಲ್ಲಿ ಬಿಸಿಲಿನ ಹಿಂದೆ ಹಿಂದೆ ತಿರುಗುತ್ತಿದ್ದರು. ಜಗಲಿಯ ಮೇಲೆ ಬಿಸಿಲು ಬಂದರೆ ಜಗಲಿಗೆ, ತುಳಸಿಕಟ್ಟೆಗೆ ಬಂದರೆ ಕಟ್ಟೆಗೆ. ಒಂದು ಸಲ ನಾನು ಬೇಕೆಂದೇ ಜಗಲಿಯ ಬಿಸಿಲಿನಲ್ಲಿ ಕಾಲು ನೀಡಿಕೊಂಡು ಕೂತೆ, ಹಿಮ್ಮಡಿ ಕಾಣುವ ಹಾಗೆ. ಬಂದವರು ನೋಡಿದರು. "ಕಾಲ್ ಮಡ್ಚ್ಕೊ, ಬಾಟ್ಲಿಗೆ ಬಿಸ್ಲು ಬೀಳ್ತಿಲ್ಲ," ಎಂದರು.

ಅವರು ಕೆಟ್ಟವರಲ್ಲ. ಹೊಡೆದವರಲ್ಲ, ಕುಡಿದವರಲ್ಲ, ನಾನು ಮಾಡಿದ ಮುದ್ದೆಯನ್ನು ಒಂದು ದಿನವೂ ಹಳಿದವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಮೃದುತನ ಅವರ ಕೈಯಲ್ಲಿ ಇಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದೆಯೆಂದು ದಿನಾ ಕಣ್ಣಾರೆ ನೋಡುತ್ತಿದ್ದೆನಲ್ಲ! ಮೊದಲು ಗೋಣಿಯಿಂದ ಒರೆಸುವುದು, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತುವುದು, ಚರ್ಮ ಪೂರ್ತಿ ಒಣಗಿತೇ ಎಂದು ಕೆನ್ನೆ ಇಟ್ಟು ನೋಡುವುದು. ಕೆನ್ನೆ ಇಟ್ಟು! ಆಮೇಲೆ ಎಣ್ಣೆ. ಮುಂದೆ ಮಗುವಾದರೆ ಬೇಕಾಗುತ್ತದೆಂದು ನಾನು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಹಳೆಯ ನೂಲಿನ ಸೀರೆಯನ್ನೂ ಒಂದು ವರ್ಷ ಹರಿದು ಅವಳ ಕಾಲು ಒರೆಸಿದರು. ಕೇಳಿದ್ದಕ್ಕೆ, ಅಂಥ ಮೆತ್ತನೆ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಸೀರೆಯನ್ನೇ ಹೊಗಳಿದರು. ಆ ವಾರವೆಲ್ಲ ನಾನು ಮುಖ ಊದಿಸಿಕೊಂಡು ಓಡಾಡಿದೆ. ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ತವರು ಕೋಡಿಹಳ್ಳಿಗೆ ಹೋದಾಗ ಅಕ್ಕನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅಕ್ಕ ಕುರಿಗಳಿಗೆ ಸೊಪ್ಪು ಹಾಕುತ್ತಾ ಪೂರ್ತಿ ಕೇಳಿಸಿಕೊಂಡಳು. "ನಿನ್ ಸವ್ತಿಗೆ ನಾಕ್ ಕಾಲು, ನಿಂಗೆ ಎಲ್ಡೇ. ಅವ್ಳ್ದೇ ಮೊದ್ಲು ಆಗ್ಬೇಕಲ್ವಾ," ಎಂದು ನಕ್ಕುಬಿಟ್ಟಳು. ಅವಳು ತಮಾಷೆಗೆ ಹೇಳಿದ ಸವತಿ ಎಂಬ ಮಾತು ನನ್ನ ಮನಸ್ಸಿನಲ್ಲಿ ನಿಜವಾಗಿಯೇ ಕೂತಿತು. ನನಗೆ ಬೇಕಾಗಿದ್ದುದು ಎಣ್ಣೆಯಲ್ಲ, ನೋಡಿ. ಎಣ್ಣೆ ಹಚ್ಚಿಕೊಳ್ಳಲು ನನಗೂ ಕೈಗಳಿದ್ದವು. ಒಂದು ಸಲ, ಒಂದೇ ಒಂದು ಸಲ, ಅವರು ಬಗ್ಗಿ ನನ್ನ ಕಾಲು ನೋಡಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಕೇಳಿದರೆ ಅದರ ಬೆಲೆ ಹೋಯಿತು ಎಂಬ ಹಟ ನನ್ನದು.

ಹೋದ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಮೆರವಣಿಗೆಯಲ್ಲಿ ಲಗಾಮು ಹಿಡಿದು ನಡೆಯಲಾಗದೆ, ಒಂದು ಕಡೆ ಕುಸಿದು ಕೂತ ಮೇಲೆ, ಚೆಲುವಿಯನ್ನು ಮಾಗಡಿಯ ಸಾದಿಕ್ ಎಂಬ ಹುಡುಗನಿಗೆ ಕೊಟ್ಟರು. ಅವನದೂ ಮದುವೆ ಕುದುರೆಯ ಕಸುಬೇ. ಅವಳನ್ನು ಗಾಡಿಗೆ ಹತ್ತಿಸಿದ ದಿನ ನಮ್ಮವರು ಲಾಯದಲ್ಲಿ ಕೂತು ಅತ್ತರು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಸವರುತ್ತಲೇ, ಇವತ್ತು ಪಾಯಸ ಮಾಡಿದರೆ ಹೇಗೆ ಎಂದು ಯೋಚಿಸಿದೆ. ಮನೆಯಲ್ಲಿ ಶ್ಯಾವಿಗೆ ಇರಲಿಲ್ಲ, ಇಲ್ಲದಿದ್ದರೆ ಮಾಡಿಯೇ ಬಿಡುತ್ತಿದ್ದೆ.

ಆದರೆ ಚಳಿಗಾಲ ಬಂತು. ಅಂಗಳದಲ್ಲಿ ಮತ್ತೆ ನೇರಳೆ ಬಾಟಲಿ ಕಾಣಿಸಿಕೊಂಡಿತು. ಈ ಸಲ ಯಾರಿಗೆ ಎಂದು ಹೌಹಾರಿದೆ. ಭಾನುವಾರ ಬೆಳಿಗ್ಗೆ ಮಡಿಸಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿ, ಬಾಟಲಿಯನ್ನು ಕೈಚೀಲದಲ್ಲಿಟ್ಟು ಮಾಗಡಿ ಬಸ್ಸು ಹತ್ತಿದರು. ಮುಂದಿನ ಭಾನುವಾರವೂ ಹಾಗೆಯೇ. ಎರಡನೇ ಸಂಸಾರ ಇಟ್ಟವರು ಹೀಗೇ ಹೋಗುತ್ತಾರೇನೋ. ಮೂರನೆಯ ವಾರ ನಾನೂ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತೆ. ಅವರು ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಸಾದಿಕ್ಕನ ಲಾಯ ನೋಡಿ ನನಗೇ ಆಶ್ಚರ್ಯವಾಯಿತು. ಚನ್ನಪಟ್ಟಣದ ಬೊಂಬೆ ಕಡೆಯುವವರಿಂದ ಮರದ ಹೊಟ್ಟು ತರಿಸಿ ಮೊಣಕಾಲಿನಷ್ಟು ಹಾಸಿದ್ದ. ನೆಲದಲ್ಲಿ ಒಂದು ಹನಿ ತೇವ ಇರಲಿಲ್ಲ. ಚೆಲುವಿ ಮುದುಕಿಯಾಗಿದ್ದರೂ ಹೊಳೆಯುತ್ತಿದ್ದಳು. ನಮ್ಮವರು ಕಷ್ಟಪಟ್ಟು ಕೂತು, ಅವಳ ಹಿಂಗಾಲು ಹಿಡಿದು ನೋಡಿದರು. ಹಕ್ಕಳೆ ಇಲ್ಲ, ಬಿರುಕಿಲ್ಲ. ಚರ್ಮ ಮಗುವಿನದರಂತೆ ಇತ್ತು. ಆದರೂ ಚೀಲದಿಂದ ಬಾಟಲಿ ತೆಗೆದರು. ಸಾದಿಕ್ ಸಂಕೋಚದಿಂದಲೇ ಮುಂದೆ ಬಂದ.

"ಬ್ಯಾಡಿ ಚಾಚಾ. ಎಲ್ಡ್ ವಾರದಿಂದ ಯೋಳ್ಬೇಕು ಅನ್ಕೊಂತಿದ್ದೆ. ಒಣಗಿರೋ ಕಾಲ್ಗೆ ಎಣ್ಣೆ ಯಾಕೆ? ಜಿಡ್ಡಿಗೆ ಹೊಟ್ಟು ಅಂಟ್ಕೊಂಡು ಕಾಲ್ ಕಚ್ಕೊಂತಾಳೆ."

ಅಷ್ಟರಲ್ಲಿ ಚೆಲುವಿ ತಲೆ ತಿರುಗಿಸಿದಳು. ನಮ್ಮವರನ್ನು ಮೂಸಿ ನೋಡಿದಳು, ಗುರುತು ಸಿಕ್ಕಿರಬೇಕು. ಆಮೇಲೆ ಹೋಗಿ ಸಾದಿಕ್ಕನ ಹೆಗಲ ಮೇಲೆ ಗದ್ದ ಇಟ್ಟು ನಿಂತಳು.

ನಾನು ಕುದುರೆಯನ್ನು ನೋಡಲಿಲ್ಲ, ನಮ್ಮವರ ಮುಖ ನೋಡಿದೆ. ಬಾಯಿ ಒಸಿ ತೆರೆದಿತ್ತು. ಕಣ್ಣು ಆ ಹುಡುಗನ ಹೆಗಲಿನಿಂದ ಕದಲಲಿಲ್ಲ. ಕೆಳದವಡೆ ಒಂದು ಕಡೆಗೆ ಬಿಗಿದುಕೊಂಡಿತ್ತು. ನೋಡಿದ ಕೂಡಲೇ ಗುರುತಿಸಿದೆ. ಆ ಮುಖ ನನ್ನದು. ಎಷ್ಟೋ ಚಳಿಗಾಲ ಕಿಟಕಿಯ ಈಚೆ ನಿಂತು ನಾನೇ ಹಾಕಿಕೊಂಡಿದ್ದ ಮುಖ ಅದು. ನನಗೆ ಮರುಕವಾಯಿತು ಎಂದು ಬರೆದರೆ ನೀವು ನನ್ನನ್ನು ಮೆಚ್ಚಿಕೊಳ್ಳುತ್ತೀರಿ. ಆಗಲಿಲ್ಲ. ಖುಷಿಯಾಯಿತು. ಮಾಗಡಿಯಿಂದ ರಾಮನಗರದವರೆಗೆ ಬಸ್ಸಿನಲ್ಲಿ ಆ ಖುಷಿಯನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ. ಅವರು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅವರು ಇದ್ದಕ್ಕಿದ್ದಂತೆ, "ಕಾಲ್ ತೋರ್ಸು, ಒಸಿ ಹಚ್ತೀನಿ," ಎಂದರು.

ಇಷ್ಟು ವರ್ಷ ಕಾದ ಮಾತು. ಬಾಯಿಗೆ ಬಂದ ತುತ್ತು ಎನ್ನುತ್ತಾರಲ್ಲ, ಹಾಗೆ. ನಾನು ಏನು ಹೇಳಿದೆ ಗೊತ್ತೇ? "ಅವ್ಳು ಬ್ಯಾಡ ಅಂದಿದ್ದು ನಂಗೂ ಬ್ಯಾಡ," ಎಂದು ಒಳಗೆ ಹೋದೆ. ಆ ಎಣ್ಣೆ ಕೊನೆಗೆ ನಮ್ಮ ನಾಯಿ ಕಾಳನಿಗೆ ಹೋಯಿತು. ಒದ್ದೆ ಮಣ್ಣಿನಲ್ಲಿ ಮಲಗಿ ಹೊಟ್ಟೆಯೆಲ್ಲ ಕೆಂಪಾಗಿ ಕೆರೆದುಕೊಳ್ಳುತ್ತಿದ್ದ ಪ್ರಾಣಿ, ಅಂಗಾತ ಮಲಗಿ ನಾಲ್ಕೂ ಕಾಲು ಮೇಲೆತ್ತಿ ಉಪಚಾರ ಮಾಡಿಸಿಕೊಂಡಿತು. ತಿಂಗಳಲ್ಲಿ ಅದರ ಹೊಟ್ಟೆ ನುಣ್ಣಗಾಯಿತು. ನಾನು ಅಡುಗೆಮನೆಯಿಂದ ನೋಡುತ್ತಾ, ಈಗ ನಾಯಿಯ ಮೇಲೂ ಶುರುವಾಯಿತಲ್ಲ ಎಂದು ಹಣೆ ಚಚ್ಚಿಕೊಂಡೆ.

ಮೊನ್ನೆ ಆ ಹುಡುಗಿ ಕೊಟ್ಟ ಟ್ಯೂಬನ್ನು ತಂದು ಮೇಜಿನ ಮೇಲಿಟ್ಟಿದ್ದೆ. ನಮ್ಮವರು ಅದನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಎರಡೂ ಬದಿ ಓದಿದರು. ಮುಚ್ಚಳ ತೆಗೆದು ಮೂಸಿದರು. ಇದರಲ್ಲಿ ಬರೀ ವಾಸನೆಯೇ, ಇದನ್ನು ಯಾರ ಮಾತು ಕೇಳಿ ತಂದೆ, ನಾನಿರಲಿಲ್ಲವೇ ಎಂದು ಗೊಣಗಿದರು. ಮಾಗಡಿಯಲ್ಲಿ ಕಂಡಿದ್ದ ದವಡೆ ಮತ್ತೆ ಹಾಗೇ ಬಿಗಿದುಕೊಂಡಿತ್ತು. ಆಮೇಲೆ ಚೀಲ ಹಿಡಿದು ಪೇಟೆಗೆ ಹೋಗಿ ಹರಳೆಣ್ಣೆ, ಜೇನುಮೇಣ ತಂದರು. ನನ್ನ ಒಲೆಯ ಮುಂದೆ ನಿಂತು ಮೇಣ ಕರಗಿಸಿದರು. ಇವು ಕುದುರೆಗೆಂದು ಯಾವತ್ತೂ ತಂದ ಪದಾರ್ಥಗಳಲ್ಲ ಎಂಬುದನ್ನು ನಾನು ಒಂದು ಕಣ್ಣಿನಿಂದ ಗಮನಿಸಿಕೊಂಡೆ.

ಈ ಸಲ ಕೇಳಲಿಲ್ಲ. ನೋವಿನ ಮೊಣಕಾಲನ್ನು ನೀಡಿಕೊಂಡು ನೆಲದ ಮೇಲೆ ಕೂತು, ನನ್ನ ಕಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. ಬೆಳಕಿಗೆ ತಿರುಗಿಸಿ ನೋಡಿದರು.

"ಇಷ್ಟೊಂದ್ ಒಡ್ದೋಗೈತಲ್ಲ. ಯಾವಾಗಿಂದ?"

"ಲಗ್ನ ಆದ್ ವರ್ಸದಿಂದ."

ಅವರ ಕೈ ನಿಂತಿತು. "ಯೋಳ್ಬಾರ್ದಾ?"

"ಚೆಲ್ವಿ ಯೋಳಿದ್ಲಾ ನಿಮ್ಗೆ?"

ಅವರು ಮೆತ್ತನೆಯ ಬಟ್ಟೆ ಎತ್ತಿಕೊಂಡರು. ತಲೆ ಬಗ್ಗಿಸಿ, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿದರು. ಒಣಗಿತೇ ಎಂದು ಕೈಯ ಹಿಂಬದಿಯಿಂದ ಮುಟ್ಟಿ ನೋಡಿದರು. ಆಮೇಲೆ ಬೆಚ್ಚಗಿನ ಮೇಣವನ್ನು ಹೆಬ್ಬೆರಳಿನಿಂದ ಒಂದೊಂದೇ ಬಿರುಕಿನ ಉದ್ದಕ್ಕೂ ತುಂಬುತ್ತಾ ಹೋದರು. ಎಲ್ಲಿ ನೋಯುತ್ತದೆ ಎಂದು ನಾನು ಹೇಳುವ ಮೊದಲೇ ಅವರ ಬೆರಳು ಅಲ್ಲಿ ಹಗುರಾಗುತ್ತಿತ್ತು. ಇನ್ನೇನು, ಇಷ್ಟು ವರ್ಷದ ಹೊಟ್ಟೆಕಿಚ್ಚು ಇವತ್ತಿಗೆ ತಣ್ಣಗಾಯಿತು ಎಂದುಕೊಂಡೆ. ಕಣ್ಣು ಮುಚ್ಚಿದೆ. ಆ ಕೈ ಅಷ್ಟು ಚೆನ್ನಾಗಿತ್ತು. ಕಿಟಕಿಯಿಂದ ನೋಡಿದಾಗ ಅದರ ನಾಲ್ಕರಲ್ಲೊಂದು ಪಾಲೂ ನನಗೆ ಗೊತ್ತಾಗಿರಲಿಲ್ಲ. ಅಷ್ಟು ಚಳಿಗಾಲಗಳಲ್ಲಿ ಆ ಕುದುರೆ ಏನನ್ನು ಪಡೆದಿತ್ತು ಎಂಬುದು ಸರಿಯಾಗಿ ತಿಳಿದದ್ದೇ ಆಗ. ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು.