ಕುಸ್ವಾರ್ ತಟ್ಟೆಯಲ್ಲಿ ಹೋದ ಗೊಂಬೆ

ಮೈದಾಕ್ಕೆ ಉಪ್ಪು ಬೆರೆಸಿ ಮನೆಯಲ್ಲೇ ಆಟದ ಮಣ್ಣು ಮಾಡುವುದನ್ನು ಕಲಿಸಿದ ಆ ವಿಡಿಯೋದ ಹೆಂಗಸು ಎಂದಾದರೂ ನನ್ನ ಕೈಗೆ ಸಿಕ್ಕಿದರೆ, ಅವಳಿಗೆ ಹೇಳಲು ನನ್ನಲ್ಲಿ ನಾಲ್ಕು ಮಾತುಗಳಿವೆ. "ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಕಲಸಲು ನೀರು, ಅಷ್ಟೇ!" ಎಂದು ನಗುನಗುತ್ತ ಹೇಳಿದ್ದಳು. ಅಷ್ಟೇ ಅಂತೆ. ಪುತ್ತಿಗೆಯ ನಮ್ಮ ಮನೆಯಲ್ಲಿ ಅದು ಅಷ್ಟಕ್ಕೆ ಮುಗಿಯಲಿಲ್ಲ.

ಆ ವರ್ಷ ನಮ್ಮ ಇಗರ್ಜಿಯಲ್ಲಿ ಹೊಸ ನಿಯಮವೊಂದು ಬಂದಿತ್ತು. ಬಾಲಯೇಸುವಿನ ಗೋದಲಿಯ ಪಕ್ಕದ ಕ್ರಿಸ್ಮಸ್ ಮರಕ್ಕೆ ಪ್ಲಾಸ್ಟಿಕ್ ತೂಗುಹಾಕಬಾರದು, ಪ್ರತಿ ಮನೆಯವರೂ ಕೈಯಲ್ಲೇ ಮಾಡಿದ ಹತ್ತು ಗೊಂಬೆ, ನಕ್ಷತ್ರಗಳನ್ನು ತರಬೇಕು. ನಿಯಮವೇನೋ ಒಳ್ಳೆಯದೇ. ಆದರೆ ಅದನ್ನು ಹೇಳಿದ್ದು ಹಬ್ಬಕ್ಕೆ ಒಂದು ವಾರ ಇರುವಾಗ. ಹಬ್ಬದ ಹಿಂದಿನ ವಾರ ನಮ್ಮ ಹೆಂಗಸರಿಗೆ ತಲೆ ತುರಿಸಿಕೊಳ್ಳಲು ಪುರುಸೊತ್ತಿಲ್ಲ ಎಂಬುದು ನಿಯಮ ಮಾಡುವ ಗಂಡಸರಿಗೆ ಯಾವತ್ತು ಗೊತ್ತಾಗಿದೆ? ನೆವ್ರಿ, ಕಿಡಿಯೊ, ತುಕ್ಡಿ, ಚಕ್ಕುಲಿ ಎಂದು ಕುಸ್ವಾರಿನ ತಿಂಡಿಗಳೆಲ್ಲ ಆಗಬೇಕು, ತಟ್ಟೆಗಳಲ್ಲಿ ಜೋಡಿಸಿಟ್ಟು ಕ್ರಿಸ್ಮಸ್ ದಿನ ನೆರೆಮನೆಗಳಿಗೆ ಹಂಚಬೇಕು. ಹಿಂದೆ ಗೋದಲಿಯ ಕುರಿ, ಒಂಟೆಗಳನ್ನು ಗದ್ದೆಯ ಜೇಡಿಮಣ್ಣಿನಲ್ಲೇ ಮಾಡುತ್ತಿದ್ದರಂತೆ. ಈಗ ಆ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಬಾಳೆ ನೆಟ್ಟಿದ್ದೇವೆ. ಹಾಗಾಗಿ ನನಗೆ ಆ ವಿಡಿಯೋವೇ ಗತಿಯಾಯಿತು.

ಒಂದು ಕಡೆ ಎಣ್ಣೆಯ ಬಾಣಲೆ, ಇನ್ನೊಂದು ಕಡೆ ಉಪ್ಪಿನ ಹಿಟ್ಟು. ಆರು ನಕ್ಷತ್ರ, ನಾಲ್ಕು ದೇವದೂತರು ತಯಾರಾದರು. ಒಣಗುವಾಗ ಒಬ್ಬ ದೇವದೂತನ ರೆಕ್ಕೆಗಳೆರಡೂ ಮುರಿದು ಬಿದ್ದವು. ಉಳಿದದ್ದು ದುಂಡು ತಲೆ, ಉದ್ದ ಅಂಗಿ, ನೂಲು ಪೋಣಿಸಲು ನೆತ್ತಿಯಲ್ಲಿ ಚುಚ್ಚಿದ ತೂತು, ಕೆನ್ನೆಗೆಂದು ಇಟ್ಟ ಎರಡು ಕೆಂಪು ಬೊಟ್ಟು. ಇರಲಿ, ಮರದ ಹಿಂಬದಿಗೆ ಕಟ್ಟಿದರಾಯಿತು ಎಂದುಕೊಂಡೆ. ಬಿಸಿಲಿಗೆ ಎಲ್ಲದರ ಮೇಲೂ ಉಪ್ಪು ಬೆಳ್ಳಗೆ ಮೂಡಿ, ಸಕ್ಕರೆ ಪಾಕ ಹಾಕಿದ ತುಕ್ಡಿಯ ಹಾಗೆಯೇ ಕಾಣುತ್ತಿತ್ತು. ತುಕ್ಡಿಯ ಗೆರಸೆಯ ಪಕ್ಕದಲ್ಲೇ ಇವುಗಳ ಗೆರಸೆಯನ್ನೂ ಇಟ್ಟಿದ್ದೆ.

ನನ್ನ ಅತ್ತೆಯನ್ನು ನಾನು ಮಾಂಯ್ ಎಂದು ಕರೆಯುತ್ತೇನೆ. ಅವರ ಕಣ್ಣಿಗೆ ಪೊರೆ ಬಂದಿದೆ. ಆದರೂ ಪಕ್ಕದ ಮನೆಯ ತಟ್ಟೆಯನ್ನು ಮಾತ್ರ ಅವರೇ ತಡವಿ ತಡವಿ ಜೋಡಿಸಬೇಕು. ಅದು ನಲವತ್ತು ವರ್ಷಗಳ ವ್ಯವಹಾರ. ಆಚೆ ಮನೆಯ ಹಿರಿಯ ಹೆಂಗಸು ಚೌತಿಗೆ ಪಂಚಕಜ್ಜಾಯ, ದೀಪಾವಳಿಗೆ ದೋಸೆ, ಅವಲಕ್ಕಿ ಕಳಿಸುತ್ತಾರೆ. ಇಲ್ಲಿಂದ ಕುಸ್ವಾರ್ ಹೋಗುತ್ತದೆ. ತಟ್ಟೆ ಯಾವತ್ತೂ ಖಾಲಿ ಹಿಂದೆ ಬರುವುದಿಲ್ಲ, ಏನಿಲ್ಲದಿದ್ದರೂ ಎರಡು ಬಾಳೆಹಣ್ಣಾದರೂ ಇರುತ್ತದೆ. ಕಳೆದ ಮಳೆಗಾಲದಲ್ಲಿ ಅವರು ಕಾಂಪೌಂಡ್ ಗೋಡೆ ಎತ್ತರಿಸಿ ನೀರೆಲ್ಲ ನಮ್ಮ ಅಂಗಳಕ್ಕೆ ನುಗ್ಗಿದ ಮೇಲೆ ನಾನೂ ಆ ಮನೆಯ ಸೊಸೆಯೂ ಮಾತು ಬಿಟ್ಟಿದ್ದೆವು. ಮುದುಕಿಯರಿಬ್ಬರು ಮಾತ್ರ ಗೋಡೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಿದ್ದರು.

ಇಗರ್ಜಿಗೆ ಒಯ್ಯುವಾಗ ಒಂದು ಗೊಂಬೆ ಕಡಿಮೆ ಇತ್ತು. ಇಲಿ ಕೊಂಡುಹೋಯಿತೆಂದುಕೊಂಡೆ. ಹಬ್ಬದ ತಟ್ಟೆಯನ್ನು ಎಂದಿನಂತೆ ನನ್ನ ಗಂಡ ಆಚೆಮನೆಗೆ ಕೊಟ್ಟು ಬಂದರು. ಮೂರು ದಿನವಾದರೂ ತಟ್ಟೆ ಹಿಂದೆ ಬರಲಿಲ್ಲ. ಸಂಜೆ ತೇರ್ಸ್ ಜಪಮಾಲೆ ಪ್ರಾರ್ಥನೆ ಮುಗಿದ ಕೂಡಲೇ ಮಾಂಯ್, "ತಟ್ಟೆ ಬಂತಾ?" ಎಂದು ಕೇಳುತ್ತಿದ್ದರು.

ನಾಲ್ಕನೆಯ ದಿನ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ನಮ್ಮ ತಟ್ಟೆ ಕಣ್ಣಿಗೆ ಬಿತ್ತು. ಅವರ ಗೇಟಿನ ಬಳಿ, ಕೆಂಪು ಕಲ್ಲೊಂದರ ಮೇಲೆ. ನಾನು ಬೆನ್ನು ಮುರಿದು ಮಾಡಿದ ನೆವ್ರಿಯನ್ನು ಕಾಗೆಗಳು ಎಳೆದಾಡುತ್ತಿದ್ದವು. ಪಕ್ಕದಲ್ಲಿ ಒಂದು ತೆಂಗಿನ ಗೆರಟೆ ಬೋರಲು, ಸುತ್ತ ಅರಶಿನ ನೀರು ಚೆಲ್ಲಿದ ಕಲೆ. ಕಾಗೆಯೊಂದು ಗೆರಟೆಯನ್ನು ಮಗುಚಿದಾಗ ಒಳಗಿದ್ದದ್ದು ಕಂಡಿತು. ರೆಕ್ಕೆ ಇಲ್ಲದ ನನ್ನ ದೇವದೂತ!

ಬಟ್ಟೆಯ ಬಕೆಟ್ ಅಲ್ಲೇ ಬಿಟ್ಟು ಕೆಳಗಿಳಿದೆ. ಹಿಟ್ಟಿನ ಗೊಂಬೆ, ನೆತ್ತಿಗೆ ಚುಚ್ಚಿದ ತೂತು, ಕೆಂಪು ಬೊಟ್ಟು. ಅವರು ಏನೆಂದುಕೊಂಡರೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಟ! ಮಾಂಯ್ ಕೈಯಾರೆ ಜೋಡಿಸಿ ಕಳಿಸಿದ ಹಬ್ಬದ ತಟ್ಟೆಯಲ್ಲಿ ಮಾಟ! ಮೈಯೆಲ್ಲ ಉರಿದುಹೋಯಿತು.

ಗೇಟಿನಲ್ಲೇ ನಿಂತು ಕೂಗಿದೆ. ಸೊಸೆ ಹೊರಗೆ ಬಂದಳು, ಹಿಂದಿನಿಂದ ಅವಳ ಅತ್ತೆ.

"ಇದು ಎಂತ ಇದು? ನಮ್ಮ ತಟ್ಟೆ ಇಲ್ಲಿ ಯಾಕೆ ಉಂಟು?"

"ನೀವೇ ಹೇಳಿ. ಆ ಗೊಂಬೆ ಯಾಕೆ ಕಳಿಸಿದ್ದು? ಅದೇ ದಿನ ಸಂಜೆ ನಮ್ಮ ಮಗುವಿಗೆ ಜ್ವರ ಬಂತು. ಇನ್ನೂ ಬಿಟ್ಟಿಲ್ಲ. ನಾಳೆ ಜೋಯಿಸರ ಹತ್ರ ಪ್ರಶ್ನೆ ಕೇಳ್ಲಿಕ್ಕೆ ಹೋಗ್ತೇವೆ," ಎಂದಳು ಸೊಸೆ. ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಆಗ ಅದು ನನಗೆ ಕಂಡರೂ ಲೆಕ್ಕಕ್ಕೆ ಬರಲಿಲ್ಲ.

ಬಗ್ಗಿ ಗೊಂಬೆಯನ್ನು ಎತ್ತಿಕೊಂಡೆ. "ಮುಟ್ಟಬೇಡಿ!" ಎಂದು ಅವಳು ಹೆದರಿ ಕೂಗಿದಳು. ನಾನು ಮುಟ್ಟಿದ್ದಷ್ಟೇ ಅಲ್ಲ, ಅವರೆದುರೇ ಗೊಂಬೆಯ ತಲೆಯನ್ನು ಕಚ್ಚಿ ಕಟಕಟನೆ ಜಗಿದು ನುಂಗಿದೆ. ಗಂಟಲು ಹತ್ತಿಕೊಂಡು ಉರಿಯಿತು. "ಮೈದಾ, ಉಪ್ಪು. ಬೇರೆ ಎಂತ ಇಲ್ಲ. ಇಗರ್ಜಿಯ ಮರಕ್ಕೆ ಮಾಡಿದ್ದು. ಮಾಂಯ್‌ಗೆ ಕಣ್ಣು ಕಾಣದೆ ಹಾಕಿದ್ದಾರೆ. ನಲವತ್ತು ವರ್ಷ ನಮ್ಮ ಮನೆಯ ತಿಂಡಿ ತಿಂದವರು ನೀವು, ನಾಚಿಕೆ ಆಗ್ಬೇಕು!"

ಸೊಸೆ ಸುಮ್ಮನಿರುವವಳಲ್ಲ. "ನಾಚಿಕೆ ನಮಗೆ ಮಾತ್ರವಾ? ನಿಮ್ಮ ಗೇಟಿನ ಎದುರು ಲಿಂಬೆಹಣ್ಣು ಸಿಕ್ಕಿದಾಗ ನೀವು ಅಂಗಳಕ್ಕೆಲ್ಲ ತೀರ್ಥ ಚಿಮುಕಿಸಿದ್ದನ್ನು ನಾನು ನೋಡಿದ್ದೇನೆ. ನಮ್ಮ ಹೊಸ ಕಾರಿನ ಪೂಜೆಗೆ ಚಕ್ರದಡಿ ಇಟ್ಟ ಲಿಂಬೆ ಅದು. ಉರುಳಿಕೊಂಡು ಬಂದದ್ದು!"

ಚಿಮುಕಿಸಿದ್ದು ನಿಜ. ಗೋಡೆಯ ಜಗಳದ ವಾರದಲ್ಲೇ, ಯಾರಿಗೂ ಹೇಳದೆ, ಆ ಮನೆಯ ಕಡೆಗೇ ಎರಡು ಸಲ ಹೆಚ್ಚಾಗಿ ಚಿಮುಕಿಸಿದ್ದೆ. ಮಾತಿಲ್ಲದವರ ಸಿಟ್ಟು ಕೈಗೆ ಬರುತ್ತದೆ. ತಟ್ಟೆಯನ್ನು ಸೆಳೆದುಕೊಂಡು, ಉಳಿದದ್ದನ್ನು ಕಾಗೆಗಳಿಗೆ ಸುರಿದು ಹೊರಟೆ. "ನಿಲ್ಲು ಬಾಯಮ್ಮ, ಖಾಲಿ ತಟ್ಟೆ ಕೊಂಡುಹೋಗ್ಬೇಡ, ಒಂದು ನಿಮಿಷ ನಿಲ್ಲು," ಎಂದು ಹಿರಿಯ ಹೆಂಗಸು ಒಳಗೆ ಓಡುತ್ತ ಕೂಗಿದ್ದು ಕೇಳಿಸಿತು. ನಾನು ನಿಲ್ಲಲಿಲ್ಲ.

ತಟ್ಟೆಯ ಸದ್ದಿಗೇ ಮಾಂಯ್ ಎದ್ದು ಕುಳಿತರು. "ಬಂತಾ? ಕೊಡು ಇಲ್ಲಿ." ಮಡಿಲಲ್ಲಿ ಇಟ್ಟುಕೊಂಡು ಅಂಚಿನಲ್ಲಿ ಕೊರೆದಿದ್ದ ಮಾವನ ಹೆಸರನ್ನು ಬೆರಳಿನಿಂದ ಸವರಿದರು. ಆಮೇಲೆ ಕೈಯನ್ನು ತಟ್ಟೆಯ ನಡುವಿಗೆ ತಂದರು. ಒಂದು ಸುತ್ತು ಆಡಿಸಿದರು. ಮತ್ತೊಂದು ಸುತ್ತು.

"ಖಾಲಿಯಾ?"

ನಾನು ಗಂಜಿಯ ಅಕ್ಕಿ ಆರಿಸುತ್ತ ಕುಳಿತೆ.

"ಆ ಗೊಂಬೆ ಬಿಸ್ಕುಟು ಮಗುವಿಗೆ ಅಂತ ಆರಿಸಿ ಹಾಕಿದ್ದೆ. ರುಚಿ ಇರಲಿಲ್ಲವೋ ಏನೋ," ಎಂದರು. ರಾತ್ರಿ ಗಂಜಿಗೆ ಉಪ್ಪಿನಕಾಯಿ ಕೂಡ ಕೇಳಲಿಲ್ಲ.

ಆಗಲೇ ಹೇಳಬಹುದಿತ್ತು, ಅವರು ಖಾಲಿ ಕಳಿಸಲಿಲ್ಲ, ನಾನೇ ನಿಲ್ಲದೆ ಬಂದೆ ಎಂದು. ಹಾಗೆ ಹೇಳಿದರೆ ಗೊಂಬೆಯ ಕಥೆ ಹೇಳಬೇಕು, ಗೆರಟೆಯದ್ದು ಹೇಳಬೇಕು, ನನ್ನ ಲಿಂಬೆಹಣ್ಣಿನದ್ದೂ ಹೇಳಬೇಕು. ರಾತ್ರಿಯಿಡೀ ಎಲ್ಲರ ಮೇಲೂ ಸಿಟ್ಟು ಬಂತು. ನಿಯಮ ಮಾಡಿದವರ ಮೇಲೆ, ಸೊಸೆಯ ಮೇಲೆ, ವಿಡಿಯೋದವಳ ಮೇಲೆ. ಬೆಳಗಾಗುವಾಗ ಬೈಯಲು ನಾನೊಬ್ಬಳೇ ಉಳಿದಿದ್ದೆ.

ಬೆಳಿಗ್ಗೆ ಅದೇ ತಟ್ಟೆ ಹಿಡಿದು ಅದೇ ಗೇಟಿನಲ್ಲಿ ನಿಂತೆ. ಬಂದದ್ದು ಹಿರಿಯ ಹೆಂಗಸು.

"ಮಗುವಿಗೆ ಹೇಗುಂಟು?"

"ಜ್ವರ ಬಿಟ್ಟಿತು. ಎಂತ ಬಂದದ್ದು ಈಗ?"

"ಇದಕ್ಕೆ ಏನಾದರೂ ಹಾಕಿ ಕೊಡಿ," ಎಂದೆ. ಬೇಡುವವಳ ಸ್ವರದಲ್ಲಿ ಹೇಳಲು ನನಗೆ ಬರಲಿಲ್ಲ, ಜಗಳಕ್ಕೆ ಬಂದವಳ ಹಾಗೆಯೇ ಕೇಳಿಸಿರಬೇಕು.

ಅವರು ನನ್ನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದರು. ಆಮೇಲೆ ಒಳಗೆ ಹೋಗಿ ಬಂದು ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ ಇಟ್ಟರು. "ನಿನ್ನೆ ನಿಲ್ಲು ಅಂದಾಗ ನಿಂತಿದ್ದರೆ ಬಾಳೆಹಣ್ಣು ಇತ್ತು. ಇವತ್ತು ಇದೇ ಇರುವುದು."

ಮಾಂಯ್ ಮುಂದೆ ತಟ್ಟೆ ಇಟ್ಟು, "ನಿನ್ನೆ ಇದು ಅಲ್ಲೇ ಮರೆತುಹೋಗಿತ್ತಂತೆ," ಎಂದು ಸುಳ್ಳು ಹೇಳಿದೆ. ಅವರ ಕೈ ಬೆಲ್ಲಕ್ಕೆ ತಾಗಿತು. ಮುಖ ಅರಳಿತು. ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ಚೀಪಿದರು. ಚೀಪುತ್ತ ಚೀಪುತ್ತ ಹುಬ್ಬು ಗಂಟಾಯಿತು.

"ಯಾವಾಗಲೂ ಬಾಳೆಹಣ್ಣು ಹಾಕುವವಳು ಅವಳು. ಯಾರ ಮೇಲೋ ಸಿಟ್ಟಿನಲ್ಲಿದ್ದಾಳೆ. ನನ್ನ ಮೇಲೆಯಾ?"

"ನಿಮ್ಮ ಮೇಲೆ ಅಲ್ಲ ಮಾಂಯ್," ಎಂದೆ.

ಮತ್ತೆ ಯಾರ ಮೇಲೆ ಎಂದು ಅವರು ಕೇಳಲಿಲ್ಲ. ಬೆಲ್ಲದ ಇನ್ನೊಂದು ಮೂಲೆ ಮುರಿದು ನನ್ನ ಕಡೆಗೆ ಚಾಚಿದರು. ಹಿಂದಿನ ದಿನದ ಉಪ್ಪಿಗೆ ನನ್ನ ನಾಲಿಗೆ ಇನ್ನೂ ಉರಿಯುತ್ತಿತ್ತು.