ಓದುವ ಬೆರಳು

ಅಕ್ಕೋರು ಚಹಾದ ಗ್ಲಾಸು ಹಿಡಿದಾಗ ಬಲಗೈಯ ತೋರುಬೆರಳು ಮಾತ್ರ ಗಾಜಿಗೆ ತಾಗದೆ ನೆಟ್ಟಗೆ ನಿಂತಿರುತ್ತಿತ್ತು. ನಾನು ಗ್ಲಾಸು ಕೊಡುವಾಗಲೆಲ್ಲ ಅದು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಕಣ್ಣು ಕಾಣದ ನನಗೆ ಈ ವಿಷಯ ಗೊತ್ತಾದದ್ದು ಹಾಗೆ. ಬಿಸಿ ತವೆ, ಮೆಣಸಿನಕಾಯಿ, ಸೂಜಿ ಯಾವುದನ್ನೂ ಆ ಬೆರಳು ಮುಟ್ಟುತ್ತಿರಲಿಲ್ಲ. "ಇದು ಓದೋ ಬೆರಳವ್ವಾ. ಕೆಲಸ ಉಳಿದ ಒಂಬತ್ತಕ್ಕ ಹೇಳು," ಎನ್ನುತ್ತಿದ್ದರು.

ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಧಾರವಾಡದಿಂದ ಬಂದು, ಅಂಧ ಮಕ್ಕಳಿಗೆ ಕಲಿಸಿ ನಿವೃತ್ತರಾಗಿ, ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲೇ ಇದ್ದರು. ನನಗೆ ಬ್ರೈಲ್ ಕಲಿಸಿದವರು ಅವರೇ. ಅವರ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ.

ನನ್ನ ಬಿ.ಎಡ್. ಮುಗಿದಾಗ ಟ್ರಸ್ಟೊಂದು ಒಂದು ಸಾಧನ ಕೊಡಲು ಒಪ್ಪಿತು: ಪರದೆಯ ಮೇಲಿನದನ್ನು ಓದಿ ಹೇಳುವ ಒಳ್ಳೆಯ ಫೋನು, ಇಲ್ಲವೇ ಬೆರಳಡಿ ಚುಕ್ಕೆಗಳನ್ನು ಎಬ್ಬಿಸುವ ಬ್ರೈಲ್ ನೋಟ್‌ಟೇಕರ್. ಮುಂದಿನ ತಿಂಗಳು ಗೋರೆಗಾಂವ್‌ನ ಶಾಲೆಯೊಂದರಲ್ಲಿ ನಾನು ಪಾಠ ಮಾಡಿ ತೋರಿಸಬೇಕಿತ್ತು. ಮೆಚ್ಚಿದರೆ ಕೆಲಸ.

"ಫೋನೇ ತಗೋ ಅಕ್ಕ. ಆ ಡಬ್ಬಾ ಹೊತ್ಕೊಂಡು ಲೋಕಲ್ ಹತ್ತೋದ್ಯಾಕೆ?" ಎಂದ ನನ್ನ ತಮ್ಮ.

"ಎರಡೂ ವಾಪರಿಸಿ ನೋಡು," ಎಂದು ಅಕ್ಕೋರು ತಮ್ಮದೇ ನೋಟ್‌ಟೇಕರ್ ಕೊಟ್ಟರು. ಅದು ಒಂದು ವಾರ, ತಮ್ಮನ ಫೋನು ಒಂದು ವಾರ. ಯಾವುದು ಎಷ್ಟು ಸಲ ಉಪಯೋಗಕ್ಕೆ ಬಂತೆಂದು ದಿನವೂ ದಿನಚರಿಯಲ್ಲಿ ಬರೆದೆ. ಫೋನು ನಲವತ್ತೇಳು ಸಲ, ನೋಟ್‌ಟೇಕರ್ ಹತ್ತೊಂಬತ್ತು. ದಾರಿ, ರೈಲಿನ ವೇಳೆ, ಮೆಸೇಜು ಎಲ್ಲಕ್ಕೂ ಫೋನೇ ಮೇಲು. ಅಕ್ಕೋರಿಗೆ ಓದಿ ಹೇಳಿದೆ.

"ಎಷ್ಟು ಸಲ ಅಂತ ಬರದಿ. ಯಾವ ಕೆಲಸಕ್ಕ ಅಂತ ನೋಡಿದೇನು?" ಎಂದರು. "ಈಗ ನಾ ಹಿಂದಿನ ಬೆಂಚಿನ ಹುಡುಗಿ. ಪಾಠ ಮಾಡು."

ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನು ಓದಿದ್ದನ್ನು ಹೇಳುತ್ತ ಹತ್ತು ನಿಮಿಷ ಪಾಠ ಮಾಡಿದೆ. ಮುಗಿದಾಗ ನನ್ನ ಅಂಗೈಗೆ ಒಂದು ಹಿಡಿ ಶೇಂಗಾ ಸಿಪ್ಪೆ ಸುರಿದರು.

"ಟೀಚರ್ ಕ್ಲಾಸಿನ್ಯಾಗ ಇರಲೇ ಇಲ್ರಿ. ಭಾಳ ಆರಾಮ ಆತು."

ನೋಟ್‌ಟೇಕರ್ ಮೇಲೆ ಬೆರಳಾಡಿಸುತ್ತ ಅದೇ ಪಾಠ ಮತ್ತೆ ಶುರು ಮಾಡಿದೆ. ಎರಡನೇ ಸಾಲಿಗೇ ಸಿಪ್ಪೆ ಚಟ್ಟೆಂದಿತು.

"ಶೇಂಗಾ ಒಳಗಿಡಿ, ಅಕ್ಕೋರೇ."

"ಈಗ ಬಂದಿ ನೋಡು ಕ್ಲಾಸಿಗೆ," ಎಂದು ನಕ್ಕರು.

ಫಾರಂನಲ್ಲಿ ನೋಟ್‌ಟೇಕರ್ ಎಂದೇ ಬರೆಸಿದೆ. ಅದು ಬರುವುದು ತಡವಾಯಿತು. ಗೋರೆಗಾಂವ್‌ಗೆ ಅಕ್ಕೋರದ್ದನ್ನೇ ಒಯ್ದೆ. ಮೂವತ್ತೆಂಟು ಮಕ್ಕಳು, ಗೋಡೆಗೊರಗಿ ಮೂವರು ಪರೀಕ್ಷಕರು. ಮೂರನೇ ಪ್ಯಾರಾದಲ್ಲಿದ್ದಾಗ ಬಲಗಡೆಯ ಕೊನೆಯಲ್ಲಿ ಚಾಕಲೇಟಿನ ಕಾಗದ ಸರಪರ ಅಂದಿತು.

"ಬಲಗಡೆ ಕೊನೇ ಬೆಂಚು, ಒಬ್ಬರೇ ತಿಂದರೆ ಹೇಗೆ?" ಎಂದೆ. ಬೆರಳು ಸಾಲಿನ ಮೇಲೆಯೇ ಇತ್ತು. ಇಡೀ ಕ್ಲಾಸು ನಕ್ಕಿತು, ಗೋಡೆಯ ಕಡೆಯಿಂದಲೂ ನಗು ಕೇಳಿಸಿತು. ಅಲ್ಲಿಂದಲೇ ಪಾಠ ಮುಂದುವರಿಸಿದೆ.

ಕೆಲಸ ಸಿಕ್ಕಿತು. ಸುದ್ದಿ ಕೇಳಿ ಅಕ್ಕೋರು ಒಂದೇ ಪ್ರಶ್ನೆ ಕೇಳಿದರು. "ಸಾಲು ತಪ್ಪಿತೇನು?"

"ಇಲ್ಲ."

"ಹಂಗಾರ ಚಹಾ ಮಾಡು."

ಅಕ್ಕೋರು ತೀರಿಹೋಗಿ ಎರಡು ಮಳೆಗಾಲ ಕಳೆದವು. ನಿನ್ನೆ ಸ್ಟಾಫ್‌ರೂಮಿನಲ್ಲಿ ಚಹಾ ತಂದಾಕೆ ಕೇಳಿದಳು, "ಟೀಚರ್, ಬೆರಳಿಗೆ ಪೆಟ್ಟಾಗಿದೆಯಾ? ಯಾವಾಗಲೂ ಎತ್ತಿಯೇ ಇಡ್ತೀರಿ."

"ಇಲ್ಲ," ಎಂದೆ. "ಇದು ಓದೋ ಬೆರಳು."